ಡ್ರಾಫ್ಟು ಮತ್ತು ಹುಂಡಿ

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ನಮ್ಮ ಕರಾವಳಿಯ ಗಂಡಸರು ಗಲ್ಫಿನ ದಾರಿ ಹಿಡಿದದ್ದು ಹೆಚ್ಚಾಯಿತು. 80ರ ದಶಕದಲ್ಲಿ ದುಬೈಯ ಮಾವ ಕಳುಹಿಸಿದ ಡ್ರಾಫ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತಿತ್ತು. ಸೋದರತ್ತೆ ಅದನ್ನು ಬ್ಯಾಂಕಿಗೆ ಒಯ್ದರೆ, ಮುಂಬಯಿಗೆ ಹೋಗಿ ಹಣವಾಗಿ ಬರುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ಕಮಿಷನ್ ಬೇರೆ. ಹುಂಡಿಯವನಾದರೋ ಮನೆಬಾಗಿಲಿಗೇ ಬಂದು ನೋಟು ಎಣಿಸುತ್ತಿದ್ದ, ಬ್ಯಾಂಕಿಗಿಂತ ಹೆಚ್ಚೇ ಕೊಡುತ್ತಿದ್ದ. ಸರ್ಕಾರ ಗೊತ್ತುಮಾಡಿದ ದರಕ್ಕೂ ಪೇಟೆಯ ದರಕ್ಕೂ ಇದ್ದ ಅಂತರವೇ ಅವನ ಬಂಡವಾಳ.

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಲ್ಲಿ ಅದು ಅಪರಾಧವೆಂದು ಅತ್ತೆಗೆ ತಿಳಿದದ್ದು ಒಂದು ಸಲ ಹಣ ಬಾರದೆ ಹೋದಾಗಲೇ. ಮಗಳ ಮದುವೆಯ ಹಣವದು. ದೂರು ಕೊಡುವುದಾದರೂ ಯಾರಿಗೆ? ಎರಡು ಬಳೆ ಅಡವಿಟ್ಟರು. ಆ ಸಂಗತಿಯನ್ನು ಮಾತ್ರ ಮಾವನ ಕಾಗದದಲ್ಲಿ ನನ್ನಿಂದ ಬರೆಸಲಿಲ್ಲ.

1992ರ ಮಾರ್ಚಿನಲ್ಲಿ ಸರ್ಕಾರ ಹೊರಗಿನಿಂದ ಬಂದ ಹಣದಲ್ಲಿ ನೂರಕ್ಕೆ 60 ಪಾಲಿಗೆ ಪೇಟೆಯ ದರ ಕೊಟ್ಟಿತು. 1993ರ ಮಾರ್ಚಿನಲ್ಲಿ ಪೂರ್ತಿ ಹಣಕ್ಕೂ. ಹುಂಡಿಯವನ ಆಕರ್ಷಣೆ ಕುಗ್ಗಿದ್ದು ಇದರಿಂದ, ಪೊಲೀಸರ ಭಯದಿಂದಲ್ಲ ಎಂದೇ ನನ್ನ ಎಣಿಕೆ. ಅತ್ತೆಯಂತೂ ಆ ಮದುವೆಯ ನಂತರ ಬಂದ ಪ್ರತಿ ಡ್ರಾಫ್ಟಿನ ನಂಬರನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು.