ಕ್ಲಚ್ ಹೋದ ಹಳದಿ ವ್ಯಾನು: ‘ಲಿಟಲ್ ಮಿಸ್ ಸನ್‌ಶೈನ್’ ಸಿನಿಮಾ ಆದ ಕತೆ

(1/4)
ಕ್ಲಚ್ ಹೋದ ಗಾಡೀನ ಯಾವತ್ತಾದ್ರೂ ತಳ್ಳಿದ್ದೀರಾ? ನಾನು ತಳ್ಳಿದ್ದೀನಿ. ಚಿಕ್ಕಪ್ಪನ ಓಮ್ನಿ, ಮದುವೆ ಮನೆಗೆ ಹೊರಟಾಗ, ರೇಷ್ಮೆ ಲಂಗ ಎತ್ತಿ ಸಿಗಿಸ್ಕೊಂಡು. ಎಲ್ಲರೂ ಓಡ್ತಾ ತಳ್ಳಬೇಕು, ಸ್ಪೀಡ್ ಬಂದಮೇಲೆ ಒಬ್ಬೊಬ್ಬರೇ ಹಾರಿ ಹತ್ತಬೇಕು. ನಿಂತರೆ ಮತ್ತೆ ಮೊದಲಿಂದ.

ಇದೇ ಸೀನ್ ಮೇಲೆ ಒಂದಿಡೀ ಸಿನಿಮಾ ನಿಂತಿದೆ: 2006ರ ಅಮೆರಿಕನ್ ಕಾಮಿಡಿ ‘ಲಿಟಲ್ ಮಿಸ್ ಸನ್‌ಶೈನ್’. ಏಳು ವರ್ಷದ ಆಲಿವ್‌ಗೆ ಪುಟ್ಟ ಹುಡುಗಿಯರ ಸೌಂದರ್ಯ ಸ್ಪರ್ಧೆಯಲ್ಲಿ ಅವಕಾಶ ಸಿಗುತ್ತೆ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಿಂದ ಕ್ಯಾಲಿಫೋರ್ನಿಯಾದ ಕಡಲ ತೀರಕ್ಕೆ ಹಳೇ ಫೋಕ್ಸ್‌ವ್ಯಾಗನ್ ವ್ಯಾನಲ್ಲಿ ಇಡೀ ಮನೆ ಹೊರಡುತ್ತೆ. ಗೆಲ್ಲೋದು ಹೇಗೆ ಅಂತ ಊರಿಗೆಲ್ಲ ಭಾಷಣ ಮಾಡೋ, ತಾನು ಎಲ್ಲೂ ಗೆಲ್ಲದ ಅಪ್ಪ. ಎಲ್ಲರನ್ನೂ ಸಂಭಾಳಿಸೋ ಅಮ್ಮ. ಸಾಯೋಕೆ ಹೋಗಿ ಬದುಕಿ ಬಂದ ಸೋದರಮಾವ. ಪೈಲಟ್ ತರಬೇತಿ ಸೇರೋವರೆಗೂ ಮಾತಾಡಲ್ಲ ಅಂತ ಕೂತ ಅಣ್ಣ. ಬಾಯಿಗೆ ಬೀಗವೇ ಇಲ್ಲದ ತಾತ.

(2/4)
ಬರೆದವರು ಮೈಕೆಲ್ ಆರ್ಂಟ್. ನಟ ಮ್ಯಾಥ್ಯೂ ಬ್ರಾಡ್ರಿಕ್ ಹತ್ತಿರ ಅಸಿಸ್ಟೆಂಟ್ ಆಗಿದ್ದರು. ಕೂಡಿಟ್ಟ ದುಡ್ಡು ನಂಬಿ ಕೆಲಸ ಬಿಟ್ಟು ಬರೆಯೋಕೆ ಕೂತರು. 2000ದ ಮೇ ತಿಂಗಳಲ್ಲಿ ಮೊದಲ ಕರಡು ಬರೀ ಮೂರು ದಿನದಲ್ಲಿ ಮುಗೀತು. ತಿದ್ದೋಕೆ ಮಾತ್ರ ತಿಂಗಳುಗಟ್ಟಲೆ ಹಿಡೀತು. (ಅಸೈನ್‌ಮೆಂಟ್ ಹಿಂದಿನ ರಾತ್ರಿ ಬರೆಯೋರು ಮೊದಲ ವಾಕ್ಯ ಮಾತ್ರ ನೆನಪಿಟ್ಕೊಬೇಡಿ.)

ವ್ಯಾನ್ ಅವರ ಬಾಲ್ಯದ್ದೇ. ಚಿಕ್ಕವರಿದ್ದಾಗ ಮನೆಯವರ ಜತೆ ಹೋದ ಒಂದು ಪ್ರಯಾಣದಲ್ಲಿ ಅವರ ವ್ಯಾನಿನ ಕ್ಲಚ್ ಹೋಗಿ, ಮಕ್ಕಳೆಲ್ಲ ಸೇರಿ ತಳ್ಳಬೇಕಾಗಿತ್ತು. ಇನ್ನೊಂದು ಕಿಡಿ ಸಿಟ್ಟಿಂದ ಬಂದದ್ದು. ಆರ್ನಾಲ್ಡ್ ಶ್ವಾರ್ಜ್‌ನೆಗರ್ ಹೈಸ್ಕೂಲ್ ಮಕ್ಕಳ ಮುಂದೆ, ಸೋತವರನ್ನು ಕಂಡರೆ ತನಗೆ ಅಸಹ್ಯ ಅನ್ನೋ ಅರ್ಥದ ಮಾತಾಡಿದ್ದರಂತೆ. ಅದನ್ನ ಓದಿ ಉರಿದುಹೋಯ್ತು ಅಂತ ಆರ್ಂಟ್ ಆಮೇಲೆ ಹೇಳಿಕೊಂಡಿದ್ದಾರೆ. ಸಿನಿಮಾದ ಅಪ್ಪನ ಭಾಷಣ ಯಾಕೆ ಹಾಗಿದೆ ಅಂತ ಈಗ ಗೊತ್ತಾಯ್ತಲ್ಲ.

(3/4)
ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ, ಬಿಕಾಂನವರೇ.

2001ರ ಕೊನೆಗೆ ನಿರ್ಮಾಪಕ ಮಾರ್ಕ್ ಟರ್ಟಲ್‌ಟಾಬ್ ಸ್ಕ್ರಿಪ್ಟನ್ನು 2.5 ಲಕ್ಷ ಡಾಲರಿಗೆ ಕೊಂಡರು. ಅವರ ಮನೆತನದ್ದು ಸಾಲ ಕೊಡೋ ಕಂಪನಿ, ದುಡ್ಡಿನ ಲೆಕ್ಕ ಗೊತ್ತಿದ್ದ ಮನುಷ್ಯ. ಪ್ರಾಜೆಕ್ಟ್ ಫೋಕಸ್ ಫೀಚರ್ಸ್ ಅನ್ನೋ ಸ್ಟುಡಿಯೋಗೆ ಹೋಯ್ತು. ಅಲ್ಲಿ ಬಂದ ಸಲಹೆ: ಕತೇನ ಅಪ್ಪನ ಸುತ್ತ ತಿರುಗಿಸಿ. ಆರು ಜನ ಇರೋ ವ್ಯಾನಿಗೆ ಒಬ್ಬ ಹೀರೋ ಬೇಕು! ಆರ್ಂಟ್ ಒಪ್ಪಲಿಲ್ಲ. ಅವರನ್ನ ತೆಗೆದು, ಬೇರೆಯವರ ಕೈಲಿ ತಿದ್ದಿಸಿದರು. ಸ್ಟುಡಿಯೋದಲ್ಲಿ ಮೇಲಿನವರು ಬದಲಾದಮೇಲೆ ವಾಪಸ್ ಕರೆದರು. ಅದೃಷ್ಟ ಅನ್ನಿ.

2004ರಲ್ಲಿ ಸ್ಟುಡಿಯೋ ಪೂರ್ತಿ ಕೈಬಿಡ್ತು. ಅಲ್ಲಿಗೇ ಬಿಟ್ಟುಬಿಡಿ ಅಂತ ನಮ್ಮ ಕಾಸ್ಟಿಂಗ್ ಮೇಷ್ಟ್ರು ಖಂಡಿತ ಹೇಳ್ತಿದ್ದರು. ಟರ್ಟಲ್‌ಟಾಬ್ 4 ಲಕ್ಷ ಡಾಲರ್ ಕೊಟ್ಟು ಹಕ್ಕು ಬಿಡಿಸ್ಕೊಂಡು, ಬಜೆಟ್ಟಿನ 80 ಲಕ್ಷ ಡಾಲರನ್ನೂ ತಾವೇ ಹಾಕಿದರು. ಮೂಲ ಸ್ಕ್ರಿಪ್ಟಲ್ಲಿ ಪ್ರಯಾಣ ಮೇರಿಲ್ಯಾಂಡಿಂದ ಫ್ಲಾರಿಡಾಕ್ಕೆ ಇತ್ತು, ಖರ್ಚು ನೋಡಿ ದಾರಿಯನ್ನೇ ಬದಲಾಯಿಸಿದರು.

ನಿರ್ದೇಶಕರು ಗಂಡ-ಹೆಂಡತಿ: ಜೊನಾಥನ್ ಡೇಟನ್, ವ್ಯಾಲರಿ ಫ್ಯಾರಿಸ್. ಅಲ್ಲಿವರೆಗೆ ಮ್ಯೂಸಿಕ್ ವಿಡಿಯೋ ಮಾಡ್ತಿದ್ದವರು, ಇದು ಮೊದಲ ಕತಾಚಿತ್ರ. 2005ರ ಜೂನಲ್ಲಿ ಶುರು, 30 ದಿನದ ಶೂಟಿಂಗ್, ಐದು ವ್ಯಾನು. ಸ್ಪರ್ಧೆಯ ಸೀನಲ್ಲಿ ಆಲಿವ್ ಬಿಟ್ಟು ಉಳಿದ ಹುಡುಗೀರು ನಿಜವಾಗ್ಲೂ ಇಂಥ ಸ್ಪರ್ಧೆಗಳಲ್ಲಿ ಭಾಗವಹಿಸ್ತಿದ್ದವರು. ಆ ಮೇಕಪ್ಪು, ಆ ನಗು ಯಾವುದೂ ಸಿನಿಮಾಕ್ಕೆ ಅಂತ ಕಟ್ಟಿದ್ದಲ್ಲ. ನೋಡುವಾಗ ಮೈ ಜುಂ ಅನ್ನೋದು ಅದಕ್ಕೇ.

(4/4)
2006ರ ಜನವರಿ, ಸನ್‌ಡ್ಯಾನ್ಸ್ ಚಿತ್ರೋತ್ಸವ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಫಾಕ್ಸ್ ಸರ್ಚ್‌ಲೈಟ್ 1 ಕೋಟಿ 5 ಲಕ್ಷ ಡಾಲರಿಗೆ ಕೊಂಡ್ಕೊಂಡಿತು, ಆ ಉತ್ಸವದಲ್ಲಿ ಅಲ್ಲಿವರೆಗಿನ ದೊಡ್ಡ ಖರೀದಿಗಳಲ್ಲಿ ಒಂದು. ಜುಲೈಯಲ್ಲಿ ಬೆರಳೆಣಿಕೆ ಥಿಯೇಟರಲ್ಲಿ ಬಿಟ್ಟು, ಬಾಯಿಮಾತು ಹಬ್ಬಿದ ಹಾಗೆ ಹೆಚ್ಚಿಸಿದರು. ಜಗತ್ತಿನಾದ್ಯಂತ ಗಳಿಕೆ ಸುಮಾರು 10 ಕೋಟಿ ಡಾಲರ್.

ಬೈದವರೂ ಇದ್ದರು. ವಿಚಿತ್ರ ಪಾತ್ರಗಳನ್ನ ಬೇಕಂತ ಗುಡ್ಡೆ ಹಾಕಿದ್ದಾರೆ ಅನ್ನೋ ಆಕ್ಷೇಪ. ನನಗೂ ಅರ್ಧ ಒಪ್ಪಿಗೆ, ಒಬ್ಬೊಬ್ಬರಿಗೂ ಒಂದೊಂದು ಚೀಟಿ ಅಂಟಿಸಿದ ಹಾಗಿದೆ. ಆದ್ರೆ ವ್ಯಾನ್ ತಳ್ಳುವಾಗ ಆ ಚೀಟಿಗಳೆಲ್ಲ ಉದುರಿಹೋಗ್ತವೆ ಕಣ್ರೋ.

2007ರ ಆಸ್ಕರ್‌ನಲ್ಲಿ ಆರ್ಂಟ್‌ಗೆ ಚಿತ್ರಕತೆ ಪ್ರಶಸ್ತಿ, ತಾತನ ಪಾತ್ರದ ಆಲನ್ ಆರ್ಕಿನ್‌ಗೆ ಪೋಷಕ ನಟ ಪ್ರಶಸ್ತಿ. ಹತ್ತು ವರ್ಷದ ಅಬಿಗೇಲ್ ಬ್ರೆಸ್ಲಿನ್ ನಾಮನಿರ್ದೇಶನ ಆಗಿದ್ದಳು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೂ ಹೆಸರಿತ್ತು. ಅಲ್ಲೊಂದು ತಮಾಷೆ ನಡೀತು. ನಿರ್ಮಾಪಕರು ಐದು ಜನ. ಅಕಾಡೆಮಿ ನಿಯಮದ ಪ್ರಕಾರ ಮೂರೇ ಹೆಸರು. ಆಲ್ಬರ್ಟ್ ಬರ್ಗರ್, ರಾನ್ ಯೆರ್ಕ್ಸಾ ಹೊರಗುಳಿದರು. ನಿರ್ಮಾಪಕರದ್ದೇ ಸಂಘ ಮಾತ್ರ ಆ ವರ್ಷದ ತನ್ನ ಪ್ರಶಸ್ತಿಯನ್ನ ಐದೂ ಜನರ ಹೆಸರಲ್ಲಿ ಕೊಟ್ಟಿತ್ತು.

ಕಳೆದ ಸೆಮಿಸ್ಟರ್ ಗ್ರೂಪ್ ಪ್ರಾಜೆಕ್ಟಲ್ಲಿ ಕವರ್ ಪೇಜಿಂದ ಹೆಸರು ಬಿಟ್ಟುಹೋದವರು ಕಾಮೆಂಟಲ್ಲಿ ಕೈ ಎತ್ತಿ. ನಾನೂ ಎತ್ತಿದ್ದೀನಿ.

#ಸಿನಿಮಾದಹಿಂದೆ #ಬಿಕಾಂಬಳಗ #ತಳ್ಳುಗಾಡಿ