ಹುಡುಕಾಟಕ್ಕೆ ಹೊರಟ ಬಳಗ: ಕನ್ನಡ ಸಾಹಸಕಥೆಯ ಹಳೆಯ ದಾರಿ

ಕಳೆದುಹೋದವರನ್ನು ಹುಡುಕಲು, ಇಲ್ಲವೇ ಸುಲಭಕ್ಕೆ ದಕ್ಕದ್ದನ್ನು ದಕ್ಕಿಸಿಕೊಳ್ಳಲು ಒಂದು ಬಳಗ ಮನೆಮಠ ಬಿಟ್ಟು ಹೊರಡುವ ಕಥೆ ಲೋಕದ ಬಹುಪಾಲು ಸಾಹಿತ್ಯಗಳಲ್ಲಿ ಉಂಟು. ಇಂಥ ಕಥೆಯಲ್ಲಿ ಗುರಿ ಒಂದು, ಹೊರಟವರು ಹಲವರು. ಒಬ್ಬೊಬ್ಬರಿಗೂ ಒಂದೊಂದು ವಿದ್ಯೆ ಕೈವಶವಾಗಿರುತ್ತದೆ, ಆದರೆ ಯಾರೊಬ್ಬರ ವಿದ್ಯೆಯೂ ಒಂಟಿಯಾಗಿ ಸಾಲುವುದಿಲ್ಲ. ನಡುದಾರಿಯಲ್ಲಿ ಬಳಗ ಚದುರುತ್ತದೆ, ಕೊನೆಗೆ ಮತ್ತೆ ಕೂಡುತ್ತದೆ. ಮಂತ್ರ, ಮಾಯೆ, ರಾಕ್ಷಸ, ಪಾತಾಳಗಳು ದಾರಿಯುದ್ದಕ್ಕೂ ಎದುರಾಗುತ್ತವೆ. ಇಂಗ್ಲಿಷಿನಲ್ಲಿ ಜೆ.ಆರ್.ಆರ್. ಟೋಲ್ಕಿನ್ ಬರೆದ ‘ದಿ ಹಾಬಿಟ್’ (1937) ಮತ್ತು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಈ ಬಗೆಯನ್ನು ಕಾದಂಬರಿಯ ಪ್ರತ್ಯೇಕ ಕವಲಾಗಿ ಬೆಳೆಸಿದವು. ಕನ್ನಡದಲ್ಲಿ ಇದರ ಚರಿತ್ರೆ ಎಂಟು ಶತಮಾನಗಳಿಗೂ ಹಳೆಯದು. ಆ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳು ಇಂದಿನ ಕರ್ನಾಟಕದ ಗಡಿಯಾಚೆಗಿನ ಕೊಲ್ಲಾಪುರ, ಪಂಢರಪುರ ಮತ್ತು ಪುಣೆಗಳಿಗೆ ಸೇರಿದವು.

ಇತಿಹಾಸಕಾವ್ಯಗಳ ಬೇರು

ಭಾರತದ ಓದುಗರಿಗೆ ಈ ಬಗೆಯ ಮೊದಲ ಮಾದರಿ ರಾಮಾಯಣದ ಕಿಷ್ಕಿಂಧಾಕಾಂಡ. ಸೀತೆಯನ್ನು ಹುಡುಕಲು ಸುಗ್ರೀವ ನಾಲ್ಕು ದಿಕ್ಕಿಗೂ ಕಪಿಸೇನೆಯನ್ನು ಅಟ್ಟುತ್ತಾನೆ. ಒಂದು ತಿಂಗಳ ಗಡುವು ವಿಧಿಸುತ್ತಾನೆ. ದಕ್ಷಿಣಕ್ಕೆ ಹೊರಟ ತಂಡಕ್ಕೆ ಅಂಗದ ನಾಯಕ. ಮುದುಕನಾದ ಜಾಂಬವಂತನದು ಅನುಭವ, ಹನುಮಂತನದು ಬಲ ಮತ್ತು ಮಾತಿನ ಜಾಣ್ಮೆ. ಸ್ವಯಂಪ್ರಭೆಯ ಗುಹೆಯಲ್ಲಿ ಸಿಕ್ಕಿಕೊಂಡ ತಂಡಕ್ಕೆ ಗಡುವು ಮೀರಿದ್ದೇ ತಿಳಿಯುವುದಿಲ್ಲ. ಬರಿಗೈಯಲ್ಲಿ ಮರಳುವುದಕ್ಕಿಂತ ಸಾಯುವುದೇ ಮೇಲೆಂದು ಕಡಲ ದಡದಲ್ಲಿ ಕುಳಿತಾಗ, ರೆಕ್ಕೆ ಸುಟ್ಟ ಸಂಪಾತಿಯಿಂದ ಸುಳಿವು ಸಿಗುತ್ತದೆ. ಗಡುವು, ನಿರಾಶೆ, ಅನಿರೀಕ್ಷಿತ ನೆರವು, ತಂಡದ ಪರವಾಗಿ ಒಬ್ಬನ ಜಿಗಿತ: ಮುಂದಿನ ಎಷ್ಟೋ ಕಥೆಗಳು ಬಳಸಿಕೊಂಡ ಹಂದರ ಇಲ್ಲಿಯೇ ಸಿದ್ಧವಾಗಿದೆ. ಕನ್ನಡದಲ್ಲಿ ಇದು ವಿಜಯಪುರದ ಬಳಿಯ ತೊರವೆಯಲ್ಲಿ ಕುಮಾರ ವಾಲ್ಮೀಕಿ ರಚಿಸಿದ ತೊರವೆ ರಾಮಾಯಣದ ಮೂಲಕ ಷಟ್ಪದಿಯಲ್ಲಿ ಮನೆಮನೆಯ ಓದಿಗೆ ಬಂತು.

ನೇಮಿಚಂದ್ರನ ಲೀಲಾವತಿ

ದೇವರ ಕಥೆ, ತೀರ್ಥಂಕರರ ಕಥೆಗಳನ್ನು ಬಿಟ್ಟು ಕಲ್ಪಿತ ರಾಜಕುಮಾರನ ಹುಡುಕಾಟವನ್ನೇ ವಸ್ತುವಾಗಿಸಿಕೊಂಡ ಕನ್ನಡ ಕಾವ್ಯ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’. ಇದರ ಕಾಲ 12ನೆಯ ಶತಮಾನದ ಉತ್ತರಾರ್ಧ. ಜೈನನಾದ ನೇಮಿಚಂದ್ರನಿಗೆ ಕೊಲ್ಲಾಪುರದ ಶಿಲಾಹಾರ ದೊರೆ ಲಕ್ಷ್ಮಣರಾಜನ ಆಶ್ರಯವಿತ್ತು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ನಂಟೂ ಇತ್ತು. ಕಥೆಯ ನಾಯಕ ಜಯಂತೀಪುರದ, ಎಂದರೆ ಬನವಾಸಿಯ, ರಾಜಕುಮಾರ ಕಂದರ್ಪದೇವ. ಕನಸಿನಲ್ಲಿ ಕಂಡ ಹೆಣ್ಣನ್ನು ಅರಸಿ ಅವನು ಗೆಳೆಯ ಮಕರಂದನೊಂದಿಗೆ ಊರು ಬಿಡುತ್ತಾನೆ. ಸಂಸ್ಕೃತದ ಸುಬಂಧು ಬರೆದ ‘ವಾಸವದತ್ತಾ’ ಇದಕ್ಕೆ ಪ್ರೇರಣೆ. ಬಳಗ ಇಲ್ಲಿ ಇಬ್ಬರದೇ. ಶೃಂಗಾರ ಮತ್ತು ವರ್ಣನೆಗಳ ಭಾರದಲ್ಲಿ ಪ್ರಯಾಣ ನಿಧಾನವಾಗಿ ಸಾಗುತ್ತದೆ. ಆದರೂ ಎಲ್ಲಿದ್ದಾಳೆಂದೇ ತಿಳಿಯದವಳನ್ನು ಹುಡುಕುತ್ತ ನಡೆಯುವ ಕಥೆಗೆ ಕನ್ನಡದಲ್ಲಿ ಇದೇ ಮೇಲ್ಪಂಕ್ತಿ.

ಹತ್ತು ಕುಮಾರರು

ಬಳಗದ ಸಾಹಸ ಪೂರ್ಣರೂಪದಲ್ಲಿ ಬಂದದ್ದು ಸು. 1300ರಲ್ಲಿದ್ದ ಚೌಂಡರಸನಿಂದ. ಪಂಢರಪುರದ ವಿಠ್ಠಲನ ಭಕ್ತನಾದ ಈ ಬ್ರಾಹ್ಮಣ ಕವಿ ‘ನಳಚಂಪು’ ಮತ್ತು ‘ಅಭಿನವ ದಶಕುಮಾರ ಚರಿತೆ’ ಎಂಬ ಎರಡು ಕೃತಿಗಳನ್ನು ರಚಿಸಿದ. ಎರಡನೆಯದು ದಂಡಿಯ ಸಂಸ್ಕೃತ ಗದ್ಯಕೃತಿ ‘ದಶಕುಮಾರಚರಿತ’ದ ಕನ್ನಡ ರೂಪ. ದಂಡಿಯ ಕಾಲ ಸುಮಾರು 7ನೆಯ ಶತಮಾನ. ಅವನ ಕೃತಿಯ ಆದಿ ಮತ್ತು ಅಂತ್ಯ ನಷ್ಟವಾಗಿದ್ದು, ಈಗ ಸಿಗುವ ಪೂರ್ವಪೀಠಿಕೆ, ಉತ್ತರಪೀಠಿಕೆಗಳು ಬೇರೆಯವರು ಸೇರಿಸಿದವು.

ಕಥೆಯಲ್ಲಿ ಮಗಧದ ದೊರೆ ರಾಜಹಂಸ ಮಾಳವದ ಮಾನಸಾರನಿಗೆ ಸೋತು ವಿಂಧ್ಯದ ಕಾಡು ಸೇರುತ್ತಾನೆ. ಅಲ್ಲಿ ಹುಟ್ಟಿದ ಮಗ ರಾಜವಾಹನನ ಜೊತೆಗೆ ಮಂತ್ರಿಗಳ ಮಕ್ಕಳೂ, ಒಂದೊಂದು ಆಪತ್ತಿನಿಂದ ಉಳಿದು ಬಂದ ಹುಡುಗರೂ ಸೇರಿ ಒಟ್ಟು ಹತ್ತು ಜನ ಬೆಳೆಯುತ್ತಾರೆ. ವಯಸ್ಸಿಗೆ ಬಂದ ಮೇಲೆ ಎಲ್ಲರೂ ದಿಗ್ವಿಜಯಕ್ಕೆ ಹೊರಡುತ್ತಾರೆ. ಒಂದು ರಾತ್ರಿ ಮಾತಂಗನೆಂಬ ಬ್ರಾಹ್ಮಣನಿಗೆ ನೆರವಾಗಲು ರಾಜವಾಹನ ಯಾರಿಗೂ ಹೇಳದೆ ಪಾತಾಳಕ್ಕೆ ಇಳಿಯುತ್ತಾನೆ. ಬೆಳಗಾಗೆದ್ದು ನೋಡಿದರೆ ಒಡೆಯನಿಲ್ಲ. ಒಂಬತ್ತು ಗೆಳೆಯರೂ ಒಂದೊಂದು ದಿಕ್ಕಿಗೆ ಹುಡುಕಿಕೊಂಡು ಹೋಗುತ್ತಾರೆ. ಮುಂದೆ ಒಬ್ಬೊಬ್ಬರೇ ಬಂದು ಕೂಡಿಕೊಂಡು ತಮ್ಮ ತಮ್ಮ ಕಥೆ ಹೇಳುವುದೇ ಕೃತಿಯ ಮೈ.

ಗೆಳೆಯರ ಸ್ವಭಾವ, ವಿದ್ಯೆಗಳು ಒಂದರಂತೆ ಒಂದಿಲ್ಲ. ಅಪಹಾರವರ್ಮ ಚಂಪಾನಗರದಲ್ಲಿ ಜೂಜು ಆಡುತ್ತಾನೆ, ರಾತ್ರಿ ಕನ್ನ ಕೊರೆಯುತ್ತಾನೆ, ಜಿಪುಣರ ಹಣವನ್ನು ಇಲ್ಲದವರ ಕೈಗೆ ಮುಟ್ಟಿಸುತ್ತಾನೆ. ಮಿತ್ರಗುಪ್ತನನ್ನು ಬ್ರಹ್ಮರಾಕ್ಷಸನೊಬ್ಬ ತಡೆದು ನಾಲ್ಕು ಪ್ರಶ್ನೆ ಕೇಳುತ್ತಾನೆ. ಉತ್ತರಿಸದಿದ್ದರೆ ಪ್ರಾಣಕ್ಕೆ ಸಂಚಕಾರ. ಒಂದೊಂದು ಉತ್ತರಕ್ಕೂ ಮಿತ್ರಗುಪ್ತ ಒಂದೊಂದು ಕಥೆ ಹೇಳುತ್ತಾನೆ. ಸೇರು ಬತ್ತದಲ್ಲಿ ಅತಿಥಿಗೆ ತೃಪ್ತಿಯಾಗುವಂತೆ ಊಟ ಬಡಿಸುವ ಗೋಮಿನಿಯ ಕಥೆ ಅವುಗಳಲ್ಲಿ ಒಂದು. ಹೊಟ್ಟು, ಇದ್ದಿಲುಗಳನ್ನೂ ಮಾರಿ ಅವಳು ತುಪ್ಪ ಮೊಸರು ತರಿಸುತ್ತಾಳೆ. ಮಂತ್ರಗುಪ್ತನ ತುಟಿಗೆ ನಲ್ಲೆಯ ಹಲ್ಲು ತಾಗಿ ಗಾಯವಾಗಿರುವುದರಿಂದ ಅವನು ತನ್ನ ಕಥೆಯನ್ನು ತುಟಿ ಕೂಡಿಸಿ ಉಚ್ಚರಿಸುವ ಅಕ್ಷರಗಳೇ ಇಲ್ಲದಂತೆ ಹೇಳುತ್ತಾನೆ. ರಾಜ್ಯ ಕಳೆದುಕೊಂಡ ಎಳೆಯ ರಾಜಪುತ್ರನೊಬ್ಬನಿಗೆ ವಿಶ್ರುತ ಆಸರೆಯಾಗುತ್ತಾನೆ.

ಈ ಕುಮಾರರು ಧರ್ಮಾತ್ಮರೇನಲ್ಲ. ಸುಳ್ಳು, ವೇಷ, ಕಳ್ಳತನ ಯಾವುದಕ್ಕೂ ಹೇಸದ ಜಾಣರು. ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ನಿಲ್ಲುವ ಆಧುನಿಕ ಅದ್ಭುತ ಕಾದಂಬರಿಗಿಂತ ಇದು ಲೋಕಕ್ಕೆ ಹೆಚ್ಚು ಹತ್ತಿರದ್ದು. ಹತ್ತು ಜನರನ್ನೂ ಕಟ್ಟಿಹಾಕುವ ಒಂದೇ ಧರ್ಮವೆಂದರೆ ಗೆಳೆಯನನ್ನು ಬಿಟ್ಟುಕೊಡದಿರುವುದು.

ದೇಹೂ ಮತ್ತು ಪಂಢರಪುರ

ಚೌಂಡರಸನ ಆರಾಧ್ಯದೈವದ ಕ್ಷೇತ್ರಕ್ಕೆ ಪುಣೆಯ ಸೀಮೆಯಿಂದ ಪ್ರತಿವರ್ಷ ಲಕ್ಷಾಂತರ ಜನ ನಡೆದು ಹೋಗುತ್ತಾರೆ. ಆ ಯಾತ್ರೆ ಹೊರಡುವ ಊರುಗಳಲ್ಲಿ ಒಂದು ಸಂತ ತುಕಾರಾಮರ ದೇಹೂ. ಅದು ಇಂದ್ರಾಯಣಿ ನದಿಯ ದಡದಲ್ಲಿದೆ.

ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಪಂಢರಪುರಕ್ಕೆ ಒಯ್ಯುವ ಪದ್ಧತಿ ಆರಂಭಿಸಿದರೆಂಬುದು ಸಂಪ್ರದಾಯ. ಆಳಂದಿಯ ಜ್ಞಾನೇಶ್ವರರ ಪಲ್ಲಕ್ಕಿ 19ನೆಯ ಶತಮಾನದಲ್ಲಿ ಬೇರೆಯಾಗಿ ಹೊರಡತೊಡಗಿತು. ಜ್ಯೇಷ್ಠ ಬಹುಳದಲ್ಲಿ ದೇಹೂ ಬಿಡುವ ಪಲ್ಲಕ್ಕಿ ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಪಂಢರಪುರ ಮುಟ್ಟುತ್ತದೆ. ವಾರಿ ಎಂಬ ಈ ಯಾತ್ರೆಯಲ್ಲಿ ನಡೆಯುವ ವಾರಕರಿಗಳು ದಿಂಡಿಗಳೆಂಬ ತಂಡಗಳಾಗಿ ಸಾಗುತ್ತಾರೆ. ಪತಾಕೆ ಹಿಡಿದವರು, ತಾಳದವರು, ಮೃದಂಗದವರು, ವೀಣೆ ಹೊತ್ತವರು, ತುಲಸಿ ಬೃಂದಾವನ ಹೊತ್ತ ಹೆಂಗಸರು, ಹೀಗೆ ಒಬ್ಬೊಬ್ಬರಿಗೂ ದಿಂಡಿಯಲ್ಲಿ ನಿಯಮಿತ ಸ್ಥಾನವಿದೆ. ಉತ್ತರ ಕರ್ನಾಟಕದಿಂದಲೂ ದಿಂಡಿಗಳು ಹೊರಡುತ್ತವೆ. ವಾರಿಗೂ ದಶಕುಮಾರರ ಕಥೆಗೂ ನೇರ ಸಂಬಂಧವೇನೂ ಇಲ್ಲ. ವಾರಿಯ ದಾರಿ ಗೊತ್ತಾದದ್ದು, ಗುರಿಯೂ ಗೊತ್ತಾದದ್ದು. ಆದರೆ ಒಂದು ಗುರಿಗಾಗಿ ಬಳಗ ಕಟ್ಟಿಕೊಂಡು ನಡೆಯುವುದು ಈ ಸೀಮೆಯ ಕನ್ನಡ, ಮರಾಠಿ ಜನರಿಗೆ ಪುಸ್ತಕದಿಂದ ಕಲಿಯಬೇಕಾದ ಸಂಗತಿಯಾಗಿರಲಿಲ್ಲ.

ಚೀನೀ ಯಾತ್ರಿಕ

ಈ ಬಗೆಯ ಕಥೆಗಳಲ್ಲಿ ಜಗತ್ಪ್ರಸಿದ್ಧವಾದ ಇನ್ನೊಂದಕ್ಕೂ ಕನ್ನಡ ಅರಸರ ನಾಡಿಗೂ ನಂಟಿದೆ. ಬೌದ್ಧ ಗ್ರಂಥಗಳನ್ನು ಅರಸಿ ಚೀನಾದಿಂದ ಬಂದ ಹ್ಯೂಯೆನ್‌ತ್ಸಾಂಗ್ 7ನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಹಾದುಹೋದ. ಆ ನಾಡನ್ನು ಅವನು ಮಹಾರಾಷ್ಟ್ರವೆಂದೇ ಕರೆದ. ಅಲ್ಲಿನ ಜನರ ಕೆಚ್ಚನ್ನೂ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸುವ ಪದ್ಧತಿಯನ್ನೂ, ಹರ್ಷನಿಗೂ ಪುಲಕೇಶಿ ಬಗ್ಗದಿದ್ದುದನ್ನೂ ಬರೆದಿಟ್ಟ. ಸುಮಾರು ಒಂಬತ್ತು ಶತಮಾನಗಳ ಅನಂತರ ಅವನ ಯಾತ್ರೆ ಚೀನೀ ಅದ್ಭುತ ಕಾದಂಬರಿಯಾಯಿತು. 1592ರಲ್ಲಿ ಅಚ್ಚಾದ ಆ ‘ಪಶ್ಚಿಮಯಾತ್ರೆ’ಯಲ್ಲಿ ಭಿಕ್ಷುವಿನ ಜೊತೆಗೆ ಮಾಯಾವಿ ಕಪಿ, ಹಂದಿಮುಖದ ಹೊಟ್ಟೆಬಾಕ, ಮರಳುನದಿಯ ರಾಕ್ಷಸ ಶಿಷ್ಯರಾಗಿ ಹೊರಡುತ್ತಾರೆ, 81 ಕಂಟಕಗಳನ್ನು ದಾಟುತ್ತಾರೆ. ವಾಸ್ತವದ ಯಾತ್ರೆಯೊಂದು ಬಳಗದ ಕಥೆಯಾಗಿ ರೂಪಾಂತರಗೊಂಡುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಅಚ್ಚಿನ ಕಾಲ

19ನೆಯ ಶತಮಾನದ ನಡುವಿನಲ್ಲಿ ಮಿಷನರಿಗಳ ಮುದ್ರಣಾಲಯಗಳಿಂದ ಬನಿಯನ್ನನ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಕನ್ನಡದಲ್ಲಿ ‘ಯಾತ್ರಿಕನ ಸಂಚಾರ’ವಾಗಿ ಬಂತು. ಅದರಲ್ಲಿ ದಾರಿಯ ಒಂದೊಂದು ಊರೂ ಒಂದೊಂದು ಗುಣದ, ಇಲ್ಲವೇ ದುರ್ಗುಣದ ಸಂಕೇತ. ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದರು. ‘ಆನಂದಮಠ’ದ ಸನ್ಯಾಸಿಗಳಲ್ಲಿ ಬಳಗದ ಗುರಿ ದೇಶವೇ ಆಯಿತು.

ಪುಣೆಯ ದಾರಿ ಮತ್ತೆ ತೆರೆದದ್ದು ಗಳಗನಾಥರಿಂದ. ಹಾವೇರಿ ಸೀಮೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಿಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಸಿಂಹಗಡದ ಕಥೆಯಾದ ಆಪಟೆಯವರ ‘ಗಡ ಆಲಾ ಪಣ ಸಿಂಹ ಗೇಲಾ’ ಗಳಗನಾಥರಲ್ಲಿ ‘ಕಮಲಕುಮಾರಿ’ಯಾಯಿತು. ಆಗ ಕೊಂಢಾಣಾ ಎನಿಸಿಕೊಂಡಿದ್ದ ಆ ಕೋಟೆ ಪುಣೆಯ ನೈಋತ್ಯಕ್ಕಿದೆ. 1670ರ ಫೆಬ್ರವರಿಯಲ್ಲಿ ಮರಾಠಾ ಸರದಾರ ತಾನಾಜಿ ಮಾಲುಸರೆ ಕೆಲವು ನೂರು ಮಾವಳಿ ಯೋಧರೊಂದಿಗೆ ರಾತ್ರಿ ಕಡಿದಾದ ಬಂಡೆ ಏರಿ ಅದನ್ನು ಹೊಕ್ಕ. ಅವನು ಬಿದ್ದ ಮೇಲೂ ತಮ್ಮ ಸೂರ್ಯಾಜಿ ದಂಡನ್ನು ಚದುರಗೊಡದೆ ಕೋಟೆಯನ್ನು ಗೆದ್ದ. ನಾಯಕ ಸತ್ತರೂ ಬಳಗದ ಕೆಲಸ ನಿಲ್ಲಬಾರದೆಂಬ ಈ ಕಥೆಯಲ್ಲಿ ಮಾಯೆ ಮಂತ್ರಗಳಿಲ್ಲ. ಅವುಗಳ ಜಾಗಕ್ಕೆ ಇತಿಹಾಸ ಬಂದಿದೆ. ವಿಜಯನಗರದ ಸ್ಥಾಪನೆಯನ್ನು ಕುರಿತ ಅವರ ಸ್ವತಂತ್ರ ಕೃತಿ ‘ಮಾಧವ ಕರುಣಾ ವಿಲಾಸ’ (1923) ಇದೇ ಹಾದಿಯದು.

ಚಂದಮಾಮ

ಮಾಯಾಲೋಕ ಮರಳಿದ್ದು ಮಕ್ಕಳ ಪತ್ರಿಕೆಯ ಮೂಲಕ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ 1949ರ ಹೊತ್ತಿಗೆ ಕನ್ನಡದಲ್ಲೂ ಬರತೊಡಗಿತು. ಮರಾಠಿಯಲ್ಲಿ ಅದು 1952ರಿಂದ ‘ಚಾಂದೋಬಾ’. ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದ ಧಾರಾವಾಹಿಗಳಲ್ಲಿ ಸಾಹಸಿ ಯುವಕರು ಕಾಡು, ಹಾಳು ದೇಗುಲ, ಮಾಂತ್ರಿಕರ ಕೋಟೆಗಳನ್ನು ತಿಂಗಳು ತಿಂಗಳೂ ದಾಟಿದರು. ‘ಚಿತ್ರಾ’ ಎಂಬ ಕಲಾವಿದರ ರೇಖೆಗಳು ಅವಕ್ಕೆ ಮುಖ ಕೊಟ್ಟವು. ಹಲವು ಭಾಷೆಗಳ ಮಕ್ಕಳು ಒಂದೇ ಕಥಾಲೋಕವನ್ನು ತಂತಮ್ಮ ಭಾಷೆಯಲ್ಲಿ ಓದಿದರು. ಹಲವು ನುಡಿಯ ಕುಟುಂಬಗಳು ಅಕ್ಕಪಕ್ಕ ಬಾಳುವ ದಂಡಿನ ಊರು, ಕಾರ್ಖಾನೆಯ ಊರುಗಳಿಗೆ ಇದು ಹೇಳಿಮಾಡಿಸಿದ ಪತ್ರಿಕೆಯಾಗಿತ್ತು.

ಹಾರುವ ಓತಿಯ ಬೆನ್ನುಹತ್ತಿ

ಆಧುನಿಕ ಕನ್ನಡ ಕಾದಂಬರಿಯಲ್ಲಿ ಈ ಪರಂಪರೆಯ ಶಿಖರ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ವಿಜ್ಞಾನಿ ಕರ್ವಾಲೊ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣ, ಫೋಟೋ ತೆಗೆಯುವ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಕಥೆ ಹೇಳುವ ಕೃಷಿಕ ಮತ್ತು ಅವನ ನಾಯಿ ಕಿವಿ ಪಶ್ಚಿಮಘಟ್ಟದ ಕಾಡಿಗೆ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ರಾಜಕುಮಾರರಿಲ್ಲ, ಕತ್ತಿಯಿಲ್ಲ. ಪುಸ್ತಕದ ವಿದ್ಯೆ ಕರ್ವಾಲೊಗೆ ಗೊತ್ತು, ಕಾಡಿನ ವಿದ್ಯೆ ಮಂದಣ್ಣನಿಗೆ ಗೊತ್ತು. ಎರಡೂ ಕೂಡದೆ ಓತಿ ಕಾಣುವುದಿಲ್ಲ. ಕಂಡರೂ ಕೈಗೆ ಸಿಗುವುದಿಲ್ಲ. ಹಳೆಯ ಕಥೆಗಳಲ್ಲಿ ಬಳಗ ರಾಜ್ಯವನ್ನೋ ಹೆಣ್ಣನ್ನೋ ಗೆದ್ದು ತಂದರೆ, ಇಲ್ಲಿ ಅದು ಕಂಡುದರ ಬೆರಗನ್ನಷ್ಟೇ ಪಡೆಯುತ್ತದೆ. ಈಚಿನ ದಶಕಗಳಲ್ಲಿ ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’, ‘ಕರಿಸಿರಿಯಾನ’ದಂಥ ಕಾದಂಬರಿಗಳಲ್ಲಿ ಶಾಸನ, ಶಿಲ್ಪ, ನಿಧಿಗಳ ಸುತ್ತ ಹುಡುಕಾಟವನ್ನು ಹೆಣೆದಿದ್ದಾರೆ.

ಓದಿನ ಕ್ರಮ

ಈ ಬಗೆಯ ಓದಿಗೆ ಹೊಸಬರು ‘ಕರ್ವಾಲೊ’ದಿಂದ ತೊಡಗುವುದು ಸುಲಭ. ರಭಸ, ಒಗಟು ಬಯಸುವವರಿಗೆ ಗಣೇಶಯ್ಯನವರ ಕಾದಂಬರಿಗಳು, ಕೋಟೆ ಕೊತ್ತಲಗಳ ಇತಿಹಾಸ ಬೇಕಾದವರಿಗೆ ಗಳಗನಾಥರು. ಅದ್ಭುತ, ವಿನೋದ ಎರಡೂ ಬೇಕೆನ್ನುವವರು ದಶಕುಮಾರರ ಕಥೆಯನ್ನು ಮೊದಲು ಹೊಸಗನ್ನಡ ಗದ್ಯದಲ್ಲಿ ಓದಿ, ಹಳಗನ್ನಡದ ಪರಿಚಯವಾದ ಮೇಲೆ ಚೌಂಡರಸನಿಗೆ ಹೋಗಬಹುದು. ನೇಮಿಚಂದ್ರ ತಾಳ್ಮೆಯುಳ್ಳವರ ಕವಿ. ಟೋಲ್ಕಿನ್‌ನಿಂದ ಈ ಲೋಕಕ್ಕೆ ಬಂದ ಕನ್ನಡದ ಓದುಗರು ಇವರಲ್ಲಿ ಯಾರನ್ನಾದರೂ ಓದದೆ ಬಿಟ್ಟರೆ ಅದು ದೊಡ್ಡ ನಷ್ಟವೇನಲ್ಲ, ಒಬ್ಬರನ್ನು ಬಿಟ್ಟು: ಹತ್ತು ಕುಮಾರರ ಕಥೆಯನ್ನು ಮಾತ್ರ ತಪ್ಪಿಸಬಾರದು.