ಅಗಸಿ ಮುಂದಿನ ವೀರಗಲ್ಲನ್ನು ಓದುವುದು ಹೇಗೆ?

ಯುದ್ಧ ಸ್ಮಾರಕ ಎಂದರೆ ದಿಲ್ಲಿಯ ಇಂಡಿಯಾ ಗೇಟ್ ನೆನಪಾಗುತ್ತದೆ. ಅದಕ್ಕಿಂತ ಸಾವಿರ ವರ್ಷ ಮೊದಲೇ ನಮ್ಮ ಊರುಗಳಲ್ಲಿ ಅಂಥ ಸ್ಮಾರಕಗಳಿದ್ದವು. ಅಗಸಿ ಬಾಗಿಲಲ್ಲಿ, ಹನಮಪ್ಪನ ಗುಡಿ ಮುಂದೆ, ಕೆರೆ ದಂಡೆ ಮೇಲೆ ನಿಂತಿರುವ ವೀರಗಲ್ಲುಗಳೇ ಅವು. ಬೆಟಗೇರಿಯ ವೀರಗಲ್ಲುಗಳಲ್ಲಿ ಕೆಲವು 9-10ನೇ ಶತಮಾನದವು.

ನಮ್ಮ ಭಾಗ ಆಗ ಗಲಾಟೆಯ ನಾಡು. ಇಂದಿನ ಲಕ್ಷ್ಮೇಶ್ವರ ಅಂದಿನ ಪುಲಿಗೆರೆ. ಪುಲಿಗೆರೆ-300 ನಾಡಿನ ಮುಖ್ಯ ಊರು. ಪಕ್ಕದಲ್ಲೇ ಬೆಳ್ವೊಲ-300. ಚೋಳರ ದಂಡು ಬಂದು ಇಲ್ಲಿನ ಬಸದಿಗಳನ್ನು ಸುಟ್ಟಿದ್ದನ್ನು ಗದಗ ತಾಲೂಕಿನ ಗಾವರವಾಡದ 11ನೇ ಶತಮಾನದ ಶಾಸನ ಹೇಳುತ್ತದೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತವೆ.

ಕೆಳಗಿನದು ಕಾಳಗ. ದೊಡ್ಡದಾಗಿ ಕೆತ್ತಿದವನೇ ಸತ್ತ ವೀರ. ಪಕ್ಕದಲ್ಲಿ ದನಗಳ ಸಾಲಿದ್ದರೆ ಅದು ತುರುಗೋಳ್, ಅಂದರೆ ಕಳ್ಳರು ಹೊಡೆದುಕೊಂಡು ಹೋದ ದನ ಬಿಡಿಸಲು ನಡೆದ ಜಗಳ. ಹೆಣ್ಣುಮಕ್ಕಳ ಮಾನ ಕಾಯಲು ಸತ್ತವರಿಗೆ ನಿಲ್ಲಿಸಿದ ಕಲ್ಲುಗಳಲ್ಲಿ ಪೆಣ್ಬುಯ್ಯಲ್ ಎಂಬ ಮಾತು, ಊರಿಗೆ ದಾಳಿಯಾದಾಗ ಸತ್ತವರ ಕಲ್ಲುಗಳಲ್ಲಿ ಊರಳಿವು ಎಂಬ ಮಾತು ಬರುತ್ತದೆ.

ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ, ಕೈಯಲ್ಲಿ ಚಾಮರ. ಮೇಲಿನದರಲ್ಲಿ ಆತ ಶಿವಲಿಂಗದ ಮುಂದೆ ಕೂತಿರುತ್ತಾನೆ. ಜೈನ ವೀರನಾದರೆ ಅಲ್ಲಿ ಜಿನಮೂರ್ತಿ. ತುದಿಯಲ್ಲಿ ಸೂರ್ಯ, ಚಂದ್ರ: ಅವು ಇರುವ ತನಕ ಇವನ ಹೆಸರೂ ಇರಲಿ ಎಂದರ್ಥ.

ಪಕ್ಕದಲ್ಲಿ ಬಳೆ ತೊಟ್ಟು ಎತ್ತಿದ ಕೈ ಕೆತ್ತಿದ್ದರೆ ಅದು ಮಾಸ್ತಿಗಲ್ಲು, ಗಂಡನೊಂದಿಗೆ ಸತಿ ಹೋದ ಹೆಣ್ಣಿನದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ 10ನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದ್ದರು. ಅದು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಕಲ್ಲು ನೆಟ್ಟು ಕೈತೊಳೆದುಕೊಳ್ಳುವ ಪದ್ಧತಿ ಇರಲಿಲ್ಲ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಇಂದು ಹುತಾತ್ಮ ಯೋಧನ ಕುಟುಂಬಕ್ಕೆ ಕೊಡುವ ಪರಿಹಾರದ ಹಳೆಯ ರೂಪ ಇದು.

ಗುಡಿಯ ಶಾಸನಗಳಲ್ಲಿ ರಾಜರ, ದಾನ ಕೊಟ್ಟವರ ಹೆಸರು ಸಿಗುತ್ತವೆ. ದನ ಕಾಯಲು ಹೋಗಿ ಸತ್ತ ಸಾಮಾನ್ಯ ಮನುಷ್ಯನ ಕಥೆ ಸಿಗುವುದು ಈ ಕಲ್ಲುಗಳಲ್ಲೇ. ಎಷ್ಟೋ ಕಲ್ಲುಗಳ ಮೇಲೆ ಅಕ್ಷರವೇ ಇಲ್ಲ. ಚಿತ್ರ ಅಳಿದರೆ ಅವನ ಗುರುತೂ ಅಳಿಯಿತು.

ಇಂಥ ಕಲ್ಲುಗಳು ಎಷ್ಟೋ ಕಡೆ ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ಮೆಟ್ಟಿಲಾಗಿವೆ, ಕುಡಗೋಲು ಮಸೆದು ಸವೆದಿವೆ. ಪೂಜೆಯ ಕಲ್ಲುಗಳಿಗೆ ಆಯಿಲ್ ಪೇಂಟ್ ಬಳಿದು ಕೆತ್ತನೆ ಮುಚ್ಚಿದ್ದೇವೆ. ರಸ್ತೆ, ಗಟಾರ ಕೆಲಸ ಬಂದಾಗ ಜೆಸಿಬಿ ಮೊದಲು ಎತ್ತಿಹಾಕುವುದೂ ಇವನ್ನೇ.

ನಿಮ್ಮೂರಲ್ಲಿ ವೀರಗಲ್ಲು ಇದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದಿಡಿ. ಆಗ ಕೆತ್ತನೆ ಸ್ಪಷ್ಟ ಕಾಣುತ್ತದೆ. ಅಕ್ಷರಗಳಿದ್ದರೆ ಸುಣ್ಣ, ಬಣ್ಣ ಹಚ್ಚಬೇಡಿ, ಉಜ್ಜಬೇಡಿ. ಹಿರಿಯರು ಆ ಕಲ್ಲಿನ ಬಗ್ಗೆ ಹೇಳುವ ಕಥೆ ರೆಕಾರ್ಡ್ ಮಾಡಿ. ಕೆಲಸ ಶುರುವಾಗುವ ಮೊದಲೇ ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಅರ್ಜಿ ಕೊಡಿ.